ಹೊಸ ಸ್ಟೀರಿಯೋ ಬರಲಿ, ಕಂಪನಿ ಸ್ಪೀಕರ್ ಉಳಿಯಲಿ

ಕಾರಿಗೆ ಹೊಸ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿ ಕೆಲವು ತಿಂಗಳಾಗುವಷ್ಟರಲ್ಲಿ ಡೋರಿನ ಸ್ಪೀಕರ್ ಗರಗರ ಎನ್ನತೊಡಗುತ್ತದೆ. ಅಂಗಡಿಗೆ ಹೋದರೆ ಬಹುತೇಕ ಸಿಗುವ ಉತ್ತರ ಒಂದೇ: ‘ಕಂಪನಿ ಸ್ಪೀಕರ್ ಸರ್, ಹೊಸ ಸೆಟ್ಟಿನ ಪವರ್ ತಡೆಯಲ್ಲ. ನಾಲ್ಕನ್ನೂ ಚೇಂಜ್ ಮಾಡಿಬಿಡಿ.’ ಈ ಮಾತನ್ನು ಒಪ್ಪಿ ಎಷ್ಟೋ ಜನ ಇನ್ನೂ ಹತ್ತು ವರ್ಷ ಹಾಡಬಹುದಾದ ಸ್ಪೀಕರ್‌ಗಳನ್ನು ಗುಜರಿಗೆ ಹಾಕುತ್ತಾರೆ. ಆಮೇಲೆ ಹೊಸ ಸ್ಪೀಕರ್‌ಗಳನ್ನೂ ಅದೇ ರೀತಿ ಕೆಡಿಸಿಕೊಳ್ಳುತ್ತಾರೆ.

ಕಾರು ಕಂಪನಿ ಕೊಡುವ ಸ್ಪೀಕರ್ ದೊಡ್ಡ ಸಾಧನವೇನೂ ಅಲ್ಲ. ತೆಳುವಾದ ಪೇಪರ್ ಕೋನ್, ಸಣ್ಣ ಮ್ಯಾಗ್ನೆಟ್, ಸಣ್ಣ ವಾಯ್ಸ್ ಕಾಯಿಲ್. ನಿರಂತರವಾಗಿ ತಡೆಯುವ ಶಕ್ತಿ ಸಾಮಾನ್ಯವಾಗಿ 15ರಿಂದ 25 ವಾಟ್. ಆದರೂ ಹಗುರವಾದ ಆ ಕೋನ್ ಕಡಿಮೆ ಪವರ್‌ನಲ್ಲೇ ಚೆನ್ನಾಗಿ ಸದ್ದು ಮಾಡುತ್ತದೆ, ಕಂಠವನ್ನು ಸ್ಪಷ್ಟವಾಗಿ ನುಡಿಸುತ್ತದೆ. ಅದನ್ನು ಕೆಡಿಸುವವು ಹೆಚ್ಚಾಗಿ ಎರಡೇ: ತುದಿ ಕತ್ತರಿಸಿಹೋದ ಸಿಗ್ನಲ್, ಮತ್ತು ಆ ಪುಟ್ಟ ಕೋನಿನ ಕೈಲಾಗದ ಆಳದ ಬೇಸ್. ಎರಡನ್ನೂ ಸೆಟ್ಟಿಂಗ್‌ನಲ್ಲೇ ತಡೆಯಬಹುದು, ಕಾಸು ಖರ್ಚಿಲ್ಲದೆ. ಅದಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ಡಬ್ಬಿಯ ಮೇಲಿನ ವಾಟ್ ನೋಡಿ ಹೆದರಬೇಡಿ, ಹಿಗ್ಗಲೂಬೇಡಿ

‘4 × 50 ವಾಟ್’ ಎಂದು ಬರೆದಿರುವುದನ್ನು ಕಂಡು ‘ನನ್ನ 20 ವಾಟ್ ಸ್ಪೀಕರ್ ಸುಟ್ಟುಹೋಗುತ್ತದೆ’ ಎಂದುಕೊಳ್ಳುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಎಂಜಿನ್ ಓಡುವಾಗ ಸ್ಟೀರಿಯೋಗೆ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಅಷ್ಟನ್ನೂ ಬಳಸಿ ಶುದ್ಧವಾದ ಸೈನ್ ಅಲೆ ಕೊಟ್ಟರೆ 4 ಓಮ್ ಸ್ಪೀಕರ್‌ಗೆ ತಲುಪುವುದು ಸುಮಾರು 26 ವಾಟ್. ಚಿಪ್‌ನೊಳಗೆ ಸೋರುವುದನ್ನು ಕಳೆದರೆ 18ರಿಂದ 22 ವಾಟ್. ಹಳೆಯ ಕಂಪನಿ ಸ್ಟೀರಿಯೋ ಕೂಡ ಇದೇ ಬ್ಯಾಟರಿಯಿಂದ ಹೆಚ್ಚುಕಡಿಮೆ ಇಷ್ಟನ್ನೇ ಕೊಡುತ್ತಿತ್ತು.

ಹಾಗಾದರೆ 50 ಎಲ್ಲಿಂದ ಬಂತು? ವಾಲ್ಯೂಮ್ ಮಿತಿ ಮೀರಿ ಏರಿಸಿದಾಗ ಆಂಪ್ಲಿಫೈಯರ್‌ಗೆ 14.4 ವೋಲ್ಟ್ ದಾಟಿ ಹೋಗಲಾಗುವುದಿಲ್ಲ. ಬೆಟ್ಟದ ನೆತ್ತಿ ಕಡಿದು ಮೈದಾನ ಮಾಡಿದ ಹಾಗೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಪೂರ್ತಿ ಚಪ್ಪಟೆಯಾದ ಚೌಕ ಅಲೆಯ ಶಕ್ತಿಯನ್ನು ಲೆಕ್ಕ ಹಾಕಿದರೆ 14.4ರ ವರ್ಗ ಭಾಗಿಸು 4, ಅಂದರೆ 51.8 ವಾಟ್. ಡಬ್ಬಿಯ ಮೇಲೆ ಮೆರೆಯುವುದು ಈ ಸಂಖ್ಯೆ. ಅದು ಸಂಗೀತದ ಪವರ್ ಅಲ್ಲ, ಕೆಟ್ಟುಹೋದ ಸಂಗೀತದ ಪವರ್. ಅಗ್ಗದ ಆಂಡ್ರಾಯ್ಡ್ ಸೆಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಟಿಡಿಎ 7388 ಚಿಪ್ಪನ್ನೇ ತೆಗೆದುಕೊಳ್ಳಿ. ಅದರ ಹೆಸರಿನ ಪಕ್ಕ 4 × 45 ವಾಟ್ ಎಂದಿರುತ್ತದೆ. ಅದೇ ಮಾಹಿತಿ ಪತ್ರದ ಕೆಳಸಾಲಿನಲ್ಲಿ 14.4 ವೋಲ್ಟ್‌ಗೆ, ಶೇ 10ರಷ್ಟು ವಿರೂಪ ಸೇರಿ, 26 ವಾಟ್ ಎಂದಿರುತ್ತದೆ.

ಸ್ಪೀಕರ್ ಸುಡುವ ಗುಟ್ಟು ಇಲ್ಲೇ ಇದೆ. ಅಲೆಯ ಎತ್ತರ ಅಷ್ಟೇ ಇದ್ದರೂ ಚಪ್ಪಟೆಯಾದಾಗ ಕಾಯಿಲ್‌ಗೆ ಹೋಗುವ ಸರಾಸರಿ ಶಕ್ತಿ ಇಮ್ಮಡಿಯಾಗಬಹುದು. ಚಪ್ಪಟೆ ಅಂಚುಗಳಿಂದ ಹುಟ್ಟುವ ಹೆಚ್ಚುವರಿ ತಾರ ಸ್ವರಗಳು ನೇರ ಟ್ವೀಟರ್‌ಗೆ ಹೋಗಿ ಬಡಿಯುತ್ತವೆ. ಶುದ್ಧ 20 ವಾಟನ್ನು ವರ್ಷಗಟ್ಟಲೆ ತಡೆಯುವ ಸ್ಪೀಕರ್, ಅದೇ ಸ್ಟೀರಿಯೋದ ಕ್ಲಿಪ್ ಆದ ಸಿಗ್ನಲ್‌ಗೆ ಊರಿಗೆ ಹೋಗುವ ಒಂದೇ ಪ್ರಯಾಣದಲ್ಲಿ ಸೋಲಬಹುದು.

2. ನಿಮ್ಮ ಕಾರಿನಲ್ಲಿ ಏನಿದೆ ಎಂದು ಮೊದಲು ತಿಳಿಯಿರಿ

ಸ್ವಿಫ್ಟ್, ವ್ಯಾಗನ್ಆರ್, ಐ10ನಂಥ ಕಾರುಗಳ ಸಾಧಾರಣ ವೇರಿಯಂಟ್‌ಗಳಲ್ಲಿ ಸ್ಟೀರಿಯೋದಿಂದ ನೇರವಾಗಿ ನಾಲ್ಕು ಸ್ಪೀಕರ್‌ಗೆ ವೈರ್ ಹೋಗಿರುತ್ತದೆ. ಇಲ್ಲಿ ಕೆಲಸ ಸುಲಭ. ಬೋಸ್, ಹರ್ಮನ್, ಸೋನಿ ಎಂದು ಗ್ರಿಲ್ ಮೇಲೆ ಹೆಸರು ಹೊತ್ತ ಮೇಲ್ದರ್ಜೆಯ ವೇರಿಯಂಟ್‌ಗಳ ಕಥೆ ಬೇರೆ. ಅಲ್ಲಿ ಬೇರೆಯೇ ಆಂಪ್ಲಿಫೈಯರ್ ಇರುವುದು ಸಾಮಾನ್ಯ, ಮತ್ತು ಸ್ಪೀಕರ್‌ಗಳು 4 ಓಮ್‌ಗಿಂತ ಕಡಿಮೆ ಇರಬಹುದು. ಸಾಧಾರಣ ಸ್ಟೀರಿಯೋ ಚಿಪ್ಪಿಗೆ 2 ಓಮ್ ಸ್ಪೀಕರ್ ನೇರ ಕಟ್ಟಿದರೆ ಚಿಪ್ ಕಾಯುತ್ತದೆ, ಬೇಗ ಕ್ಲಿಪ್ ಆಗುತ್ತದೆ, ಸ್ಪೀಕರ್ ಕೂಡ ಜೊತೆಗೆ ಹೋಗುತ್ತದೆ.

ಪರೀಕ್ಷೆ ಕಷ್ಟವಲ್ಲ. ಸ್ಪೀಕರ್ ವೈರನ್ನು ಬಿಡಿಸಿ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎರಡು ಕಾಲುಗಳಿಗೆ ಹಿಡಿಯಿರಿ. 3.2ರಿಂದ 3.8 ತೋರಿಸಿದರೆ ಅದು 4 ಓಮ್ ಸ್ಪೀಕರ್. 2ರ ಆಸುಪಾಸು ತೋರಿಸಿದರೆ ಅಲ್ಲಿಗೆ ನಿಲ್ಲಿಸಿ. ಸ್ಟೀರಿಯೋ ಬದಲಿಸಲೇಬೇಕೆಂದಿದ್ದರೆ ಕಂಪನಿಯ ಆಂಪನ್ನು ಉಳಿಸಿಕೊಂಡೇ ಮುಂದುವರಿಸುವ ಅಡಾಪ್ಟರ್ ಹುಡುಕಿ. ಆದರೆ ಬ್ರ್ಯಾಂಡೆಡ್ ಸಿಸ್ಟಮ್ ಇರುವ ಕಾರಿನ ಸ್ಟೀರಿಯೋ ಬದಲಿಸದಿರುವುದೇ ಒಳ್ಳೆಯದು ಎನ್ನುವುದು ನನ್ನ ಸ್ಪಷ್ಟ ಸಲಹೆ. ಆ ಆಂಪ್‌ನೊಳಗೆ ಆ ಕಾರಿನ ಡೋರಿಗೆ, ಆ ಸ್ಪೀಕರಿಗೆ ಲೆಕ್ಕ ಹಾಕಿದ ಟ್ಯೂನಿಂಗ್ ಇರುತ್ತದೆ. ಅದು ಕೈತಪ್ಪಿದರೆ ದುಡ್ಡು ಕೊಟ್ಟು ಹಿಂದಕ್ಕೆ ಹೋದಂತಾಗುತ್ತದೆ.

3. ವೈರ್ ಕತ್ತರಿಸಲು ಬಿಡಬೇಡಿ

ಕಂಪನಿ ವೈರಿನ ಪ್ಲಗ್‌ಗೆ ನೇರ ಸಿಕ್ಕಿಸುವ, ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಟರ್ ಹಿಡಿದು ಕಂಪನಿ ಹಾರ್ನೆಸ್ ಕತ್ತರಿಸಿ, ಹೆಣೆದು, ಟೇಪ್ ಸುತ್ತುವ ಕೆಲಸಕ್ಕೆ ಒಪ್ಪಲೇಬೇಡಿ. ನಮ್ಮ ಬೇಸಿಗೆಯ ಬಿಸಿಲಿಗೆ ಡ್ಯಾಶ್‌ಬೋರ್ಡ್ ಒಳಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ, ತಾಮ್ರ ಹೊರಗೆ ಕಾಣುತ್ತದೆ. ವಾರಂಟಿ ಇರುವ ಕಾರಾದರೆ ಕತ್ತರಿಸಿದ ವೈರ್ ತೋರಿಸಿ ಎಲೆಕ್ಟ್ರಿಕಲ್ ಕ್ಲೇಮ್ ತಳ್ಳಿಹಾಕಲೂ ಅದು ನೆಪವಾಗುತ್ತದೆ.

ಹೊಸ ಸೆಟ್ಟಿನ ಹಾರ್ನೆಸ್‌ನಲ್ಲಿ ಬಣ್ಣಗಳು ಬಹುತೇಕ ಒಂದೇ ಕ್ರಮದಲ್ಲಿರುತ್ತವೆ: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಆಯಾ ಜೋಡಿಯ ನೆಗೆಟಿವ್. ಹಳದಿ ಸದಾ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಕಪ್ಪು ಅರ್ಥ್. ಕಾರಿನ ಕಡೆಯ ವೈರ್‌ಗಳಿಗೆ ಮಾತ್ರ ಈ ಬಣ್ಣಗಳು ಅನ್ವಯಿಸುವುದಿಲ್ಲ. ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಬಣ್ಣ ನೋಡಿ ಊಹಿಸಿ ಜೋಡಿಸುವ ಕೈಗೆ ಕಾರು ಕೊಡಬೇಡಿ. ಕೆಲಸ ಶುರುವಾಗುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಸಿ.

4. ಸ್ಪೀಕರ್‌ನ ಮೈನಸ್ ಕಾರಿನ ಬಾಡಿಗೆ ತಾಗಬಾರದು

ಕಾರಿನಲ್ಲಿ ಎಲ್ಲ ಮೈನಸ್‌ಗಳೂ ಬಾಡಿಗೇ ಸೇರುತ್ತವೆ ಎಂಬ ಅಭ್ಯಾಸಬಲದಿಂದ ಸ್ಪೀಕರ್‌ನ ಕಪ್ಪು ಗೆರೆಯ ವೈರನ್ನೂ ಅರ್ಥ್‌ಗೆ ಕಟ್ಟುವವರಿದ್ದಾರೆ. ಇದು ದೊಡ್ಡ ತಪ್ಪು. ಈಗಿನ ಸ್ಟೀರಿಯೋಗಳಲ್ಲಿ ಸ್ಪೀಕರ್‌ನ ಎರಡೂ ವೈರ್‌ಗಳು ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 7 ವೋಲ್ಟ್ ಮೇಲೆ ನಿಂತಿರುತ್ತವೆ. ಎರಡೂ ಸಮವಾಗಿರುವುದರಿಂದ ಹಾಡಿಲ್ಲದಾಗ ಸ್ಪೀಕರ್‌ಗೆ ಏನೂ ಹರಿಯುವುದಿಲ್ಲ. ಒಂದನ್ನು ಬಾಡಿಗೆ ತಾಗಿಸಿದರೆ ಕಾಯಿಲ್‌ನ ಒಂದು ತುದಿಗೆ 7 ವೋಲ್ಟ್, ಇನ್ನೊಂದಕ್ಕೆ ಸೊನ್ನೆ. 12 ವಾಟ್‌ನಷ್ಟು ನೇರ ಡಿಸಿ ಹರಿದು ಕೋನ್ ಒಂದೇ ಕಡೆ ಸೆಟೆದು ನಿಲ್ಲುತ್ತದೆ, ಕಾಯಿಲ್ ಕಾಯುತ್ತಲೇ ಇರುತ್ತದೆ. ಒಳ್ಳೆಯ ಚಿಪ್ ಆದರೆ ತಾನೇ ಆಫ್ ಆಗಿ ಕಾಪಾಡುತ್ತದೆ. ಎಲ್ಲ ಚಿಪ್‌ಗಳೂ ಅಷ್ಟು ಒಳ್ಳೆಯವಲ್ಲ.

ಹಳೆಯ ಕಾರುಗಳಲ್ಲಿ ಕಂಬ ಮತ್ತು ಡೋರಿನ ನಡುವಿನ ರಬ್ಬರ್ ಕೊಳವೆ ಬಿರಿದು ಒಳಗಿನ ವೈರಿನ ಹೊದಿಕೆ ಸವೆದಿರುತ್ತದೆ. ಡೋರ್ ತೆಗೆದು ಹಾಕುವಾಗ ಹಾಡು ನಿಂತು ಬರುತ್ತಿದ್ದರೆ ಮೊದಲು ಅಲ್ಲಿ ನೋಡಿ.

5. ಎರಡು ಡೋರಿನ ಕೋನ್‌ಗಳೂ ಒಟ್ಟಿಗೆ ಮುಂದೆ ಬರಲಿ

ಒಂದು ಬದಿಯ ಪ್ಲಸ್-ಮೈನಸ್ ಅದಲುಬದಲಾದರೆ ಸ್ಪೀಕರ್ ತಕ್ಷಣ ಕೆಡುವುದಿಲ್ಲ. ಆದರೆ ಬೇಸ್ ಮಾಯವಾಗುತ್ತದೆ. ಎಡದ ಕೋನ್ ಮುಂದೆ ತಳ್ಳಿದ ಗಾಳಿಯನ್ನು ಬಲದ್ದು ಹಿಂದಕ್ಕೆ ಎಳೆಯುತ್ತದೆ. ಆಗ ಮಾಲೀಕ ಮಾಡುವುದೇನು? ಬೇಸ್ ಏರಿಸುತ್ತಾನೆ. ಸ್ಪೀಕರ್ ಸಾಯುವುದು ಆಗ. ಸ್ಟೀರಿಯೋದಿಂದ ಬಿಡಿಸಿದ ವೈರಿಗೆ 1.5 ವೋಲ್ಟ್ ಪೆನ್ಸಿಲ್ ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ಸಿಕ್ಕಿದ್ದರೆ ‘ಟಪ್’ ಎಂದು ಕೋನ್ ಹೊರಗೆ ಬರುತ್ತದೆ. ಒಳಗೆ ಹೋದರೆ ಉಲ್ಟಾ.

6. ಟ್ವೀಟರ್‌ನ ಕೆಪಾಸಿಟರ್ ಕಿತ್ತು ಬಿಸಾಡಬೇಡಿ

ಮುಂದಿನ ಕಂಬದಲ್ಲೋ ಕನ್ನಡಿಯ ಹಿಂದಿನ ತ್ರಿಕೋನದಲ್ಲೋ ಕೂತ ಪುಟ್ಟ ಟ್ವೀಟರ್‌ನ ವೈರಿನಲ್ಲಿ, ಅಥವಾ ಅದರ ಬೆನ್ನಿಗೇ ಅಂಟಿಕೊಂಡು, ಕಡಲೆಬೀಜದಷ್ಟು ದೊಡ್ಡ ಸಿಲಿಂಡರ್ ಇರುತ್ತದೆ. ಅದೇ ಕೆಪಾಸಿಟರ್. 4.7 ಮೈಕ್ರೋಫ್ಯಾರಡ್‌ನದಾದರೆ 4 ಓಮ್ ಟ್ವೀಟರ್‌ಗೆ ಸುಮಾರು 8,500 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಟ್ವೀಟರ್ ಹೊಸ ಜಾಗಕ್ಕೆ ಹಾಕುವಾಗ ಅಥವಾ ವೈರ್ ಉದ್ದ ಮಾಡುವಾಗ ಇದು ಕಳಚಿಹೋದರೆ ತಬಲಾದ ಬಾಯಾಂ ಏಟು ಕೂಡ ಕೂದಲೆಳೆಯಂಥ ಆ ಕಾಯಿಲ್‌ಗೆ ನೇರವಾಗಿ ಬೀಳುತ್ತದೆ. ಕ್ಷಣಗಳಲ್ಲಿ ಕಥೆ ಮುಗಿಯಿತು. ಬದಲಿಸಬೇಕಾಗಿ ಬಂದರೆ ನಾನ್-ಪೋಲಾರ್ ಎಂದು ಕೇಳಿ ತನ್ನಿ.

7. ಹೈಪಾಸ್ ಫಿಲ್ಟರ್ ಆನ್ ಮಾಡಿ. ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ

ಕಂಪನಿ ಸ್ಪೀಕರನ್ನು ಉಳಿಸುವ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಅಚ್ಚರಿಯೆಂದರೆ ಹೊಸ ಸ್ಟೀರಿಯೋದ ಸೌಂಡ್ ಮೆನುವಿನೊಳಗೆ ಇದು ಪುಕ್ಕಟೆಯಾಗಿ ಕೂತಿರುತ್ತದೆ. ಹೆಚ್ಚಿನವರು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಎಚ್‌ಪಿಎಫ್ ಎಂದೋ, ಕ್ರಾಸ್‌ಓವರ್ ಎಂದೋ, ಡಿಎಸ್‌ಪಿ ಒಳಗೆ ಫಿಲ್ಟರ್ ಎಂದೋ ಹೆಸರಿರುತ್ತದೆ.

ಕಾರಣ ಹೀಗಿದೆ. ಅಷ್ಟೇ ಜೋರಿನ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕೆಂದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕು. 160 ಹರ್ಟ್ಜ್‌ಗೆ ಅರ್ಧ ಮಿಲಿಮೀಟರ್ ಆಡಿದರೆ 80 ಹರ್ಟ್ಜ್‌ಗೆ 2 ಮಿಲಿಮೀಟರ್, 40 ಹರ್ಟ್ಜ್‌ಗೆ 8 ಮಿಲಿಮೀಟರ್. ಕಂಪನಿಯ ಆರೂವರೆ ಇಂಚಿನ ಸ್ಪೀಕರ್ ಒಂದೆರಡು ಮಿಲಿಮೀಟರ್ ಆಡುವುದಕ್ಕೆ ಮಾಡಿದ್ದು. 8 ಮಿಲಿಮೀಟರ್ ಎಳೆದರೆ ಕಾಯಿಲ್ ತನ್ನ ಕೊರಳಿನಿಂದ ಹೊರಗೆ ಬರುತ್ತದೆ, ಇಲ್ಲವೇ ಹಿಂದಿನ ಲೋಹಕ್ಕೆ ಬಡಿದು ‘ಟಕ್ ಟಕ್’ ಎನ್ನುತ್ತದೆ. ಆಮೇಲೆ ಅಂಚಿನ ಪಟ್ಟಿ ಹರಿಯುತ್ತದೆ. ರವಿ ಬಸ್ರೂರು ಅವರ ಕೆಜಿಎಫ್ ಹಿನ್ನೆಲೆ ಸಂಗೀತದಂಥ ಬೇಸ್ ತುಂಬಿದ ಟ್ರ್ಯಾಕ್‌ಗಳನ್ನು ಫಿಲ್ಟರ್ ಇಲ್ಲದೆ ಜೋರಾಗಿ ಹಾಕಿದಾಗ ಕೋನ್ ಕಣ್ಣಿಗೆ ಕಾಣುವಷ್ಟು ಒದ್ದಾಡುವುದನ್ನು ಗ್ರಿಲ್ ತೆಗೆದ ಡೋರಿನಲ್ಲಿ ನೋಡಬಹುದು. ಫಿಲ್ಟರನ್ನು 100 ಹರ್ಟ್ಜ್‌ಗೆ ಇಟ್ಟು ಅದೇ ವಾಲ್ಯೂಮ್‌ನಲ್ಲಿ ಮತ್ತೆ ಹಾಕಿ. ಕೋನ್ ಬಹುತೇಕ ಸ್ತಬ್ಧ. ಸದ್ದು ಮಾತ್ರ ಮೊದಲಿಗಿಂತ ತಿಳಿಯಾಗಿ, ಕಂಠ ಮೊದಲಿಗಿಂತ ಮುಂದೆ ಬಂದು ಕೇಳಿಸುತ್ತದೆ.

ಆರೂವರೆ ಇಂಚಿಗೆ 80ರಿಂದ 100 ಹರ್ಟ್ಜ್, ಐದು ಇಂಚಿಗೆ 120, ನಾಲ್ಕು ಇಂಚಿಗೆ 150. ಫಿಲ್ಟರಿನ ಇಳಿಜಾರು (ಸ್ಲೋಪ್) ಕೇಳಿದರೆ 12 ಡೆಸಿಬೆಲ್ ಆರಿಸಿ. ‘ಬೇಸ್ ಹೋಗಿಬಿಡುತ್ತದಲ್ಲ?’ ಎಂಬ ಪ್ರಶ್ನೆ ಸಹಜ. ಆ ಸ್ಪೀಕರ್‌ನಲ್ಲಿ 60 ಹರ್ಟ್ಜ್‌ನ ನಿಜವಾದ ಬೇಸ್ ಇರಲೇ ಇಲ್ಲ. ಇದ್ದದ್ದು ಅದರ ಒದ್ದಾಟದ ಸದ್ದು.

ಸೆಟ್ಟಿನಲ್ಲಿ ಫಿಲ್ಟರ್ ಇಲ್ಲದಿದ್ದರೆ ಸ್ಪೀಕರ್‌ನ ಪ್ಲಸ್ ವೈರಿಗೆ ಸರಣಿಯಾಗಿ ಸುಮಾರು 400 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಹಾಕಿಸಿ. 4 ಓಮ್‌ಗೆ ಅದು 100 ಹರ್ಟ್ಜ್ ಕೊಡುತ್ತದೆ. ಬೇಸ್ ಬ್ಲಾಕರ್ ಎಂಬ ಹೆಸರಿನಲ್ಲಿ ಸಿದ್ಧವಾಗಿಯೂ ಸಿಗುತ್ತದೆ.

8. ಈಕ್ವಲೈಜರ್‌ನಲ್ಲಿ ಏರಿಸುವುದಕ್ಕಿಂತ ಇಳಿಸಿ

3 ಡೆಸಿಬೆಲ್ ಏರಿಸಿದರೆ ಬೇಕಾಗುವ ಪವರ್ ಎರಡು ಪಟ್ಟು. 6 ಏರಿಸಿದರೆ ನಾಲ್ಕು ಪಟ್ಟು. 10 ಏರಿಸಿದರೆ ಹತ್ತು ಪಟ್ಟು. ಡ್ರಮ್ಮಿನ ಒಂದು ಏಟಿಗೆ 5 ವಾಟ್ ಸಾಕಿದ್ದರೆ, ಬೇಸ್ ಬೂಸ್ಟ್ ಎಂಬ ಒಂದೇ ಗುಂಡಿಯಿಂದ ಅದು 20 ವಾಟ್ ಕೇಳುತ್ತದೆ. ಅಂದರೆ ಸ್ಟೀರಿಯೋದ ಗಂಟೆಲ್ಲ ಆ ಒಂದು ಏಟಿಗೇ ಖರ್ಚು. ಉಳಿದ ವಾದ್ಯ, ಹಾಡುಗಾರನ ದನಿ ಎಲ್ಲವೂ ಕ್ಲಿಪ್.

‘ರಾಕ್’, ‘ಪಾಪ್’ ಎಂಬ ಸಿದ್ಧ ಮಾದರಿಗಳಲ್ಲಿ ಎರಡೂ ತುದಿಗಳು ಎತ್ತರಕ್ಕೆ ಏರಿರುವುದು ಸಾಮಾನ್ಯ. ‘ಫ್ಲಾಟ್’ನಿಂದ ಶುರು ಮಾಡಿ. ಬೇಸ್ ಮುಂದೆ ಬರಬೇಕೆನಿಸಿದರೆ ನಡುವಿನ ಪಟ್ಟಿಗಳನ್ನು 2–3 ಡೆಸಿಬೆಲ್ ಇಳಿಸಿ ವಾಲ್ಯೂಮ್ ಸ್ವಲ್ಪ ಏರಿಸಿ. ಕಿವಿಗೆ ಪರಿಣಾಮ ಹೆಚ್ಚುಕಡಿಮೆ ಅದೇ, ಕ್ಲಿಪ್ ಆಗುವ ಮೊದಲು ಒಂದಿಷ್ಟು ಜಾಗ ಉಳಿಯುತ್ತದೆ. ಲೌಡ್‌ನೆಸ್ ಗುಂಡಿ ಕಡಿಮೆ ವಾಲ್ಯೂಮ್‌ನಲ್ಲಿ ಕೇಳುವವರಿಗಾಗಿ ಇರುವುದು, ಜೋರಾಗಿ ಕೇಳುವಾಗ ಆಫ್ ಇರಲಿ.

9. ನಿಮ್ಮ ಸ್ಟೀರಿಯೋದ ಸುರಕ್ಷಿತ ಸಂಖ್ಯೆ ಕಂಡುಹಿಡಿಯಿರಿ

ವಾಲ್ಯೂಮ್ 40ರವರೆಗೆ ಇದೆ ಎಂದ ಮಾತ್ರಕ್ಕೆ 40ಕ್ಕೆ ಹೋಗಲೇಬೇಕಿಲ್ಲ. ಹಲವು ಸೆಟ್‌ಗಳು ಮುಕ್ಕಾಲು ದಾಟುವಷ್ಟರಲ್ಲಿ ಕ್ಲಿಪ್ ಆಗುತ್ತವೆ. ನಿಮ್ಮದು ಎಲ್ಲಿ ಆಗುತ್ತದೆ ಎಂಬುದನ್ನು ಒಂದು ಮಲ್ಟಿಮೀಟರ್‌ನಿಂದ ಅಳೆಯಬಹುದು.

ಫೋನಿನಲ್ಲಿ 400 ಹರ್ಟ್ಜ್‌ನ, 0 ಡೆಸಿಬೆಲ್ ಮಟ್ಟದ ಟೆಸ್ಟ್ ಟೋನ್ ಡೌನ್‌ಲೋಡ್ ಮಾಡಿಕೊಳ್ಳಿ. ಅಗ್ಗದ ಮೀಟರ್‌ಗಳ ಎಸಿ ಅಳತೆ ಅದಕ್ಕಿಂತ ಮೇಲಿನ ಕಂಪನಾಂಕದಲ್ಲಿ ನಂಬಲರ್ಹವಲ್ಲ, ಅದಕ್ಕೇ 400. ಈಕ್ವಲೈಜರ್ ಫ್ಲಾಟ್ ಮಾಡಿ, ಎಂಜಿನ್ ಆನ್ ಇರಲಿ. ಬಯಲಲ್ಲಿ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಸ್ಪೀಕರ್‌ಗಳನ್ನು ಬಿಡಿಸಿ, ಮುಂದಿನ ಎಡದ ಜೋಡಿ ವೈರಿಗೆ ಮೀಟರ್ ಹಿಡಿದು ಎಸಿ ವೋಲ್ಟ್‌ನಲ್ಲಿ ಇಡಿ. ವಾಲ್ಯೂಮನ್ನು ಒಂದೊಂದೇ ಏರಿಸುತ್ತಾ ಹೋಗಿ.

ಎಷ್ಟಕ್ಕೆ ನಿಲ್ಲಬೇಕು? ಸ್ಪೀಕರ್ ತಡೆಯುವ ವಾಟನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 20 ವಾಟ್, 4 ಓಮ್ ಆದರೆ 80ರ ವರ್ಗಮೂಲ, ಅಂದರೆ 8.9 ವೋಲ್ಟ್. 15 ವಾಟ್ ಸ್ಪೀಕರ್ ಆದರೆ 7.7 ವೋಲ್ಟ್. ಸ್ಪೀಕರ್ ಹಿಂದೆ ವಾಟ್ ಬರೆದಿಲ್ಲದಿದ್ದರೆ 7.7 ಅನ್ನೇ ಹಿಡಿಯಿರಿ. ಆ ವೋಲ್ಟ್ ಬಂದಾಗ ಪರದೆಯ ಮೇಲೆ 29 ಇದ್ದರೆ 29 ನಿಮ್ಮ ಗಡಿ. ಇಲ್ಲಿ ಒಂದು ಅನುಕೂಲವಿದೆ: ಸಾಧಾರಣ ಸ್ಟೀರಿಯೋ ಕ್ಲಿಪ್ ಆಗಲು ಶುರುವಾಗುವುದೂ 9 ವೋಲ್ಟ್‌ನ ಆಸುಪಾಸಿನಲ್ಲೇ. ಸ್ಪೀಕರ್‌ನ ಮಿತಿ, ಸ್ಟೀರಿಯೋದ ಮಿತಿ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ಒಂದನ್ನು ಕಾಪಾಡಿದರೆ ಇನ್ನೊಂದನ್ನೂ ಕಾಪಾಡಿದಂತೆ.

ಗರಿಷ್ಠ ವಾಲ್ಯೂಮ್ ಮಿತಿ ಹಾಕುವ ಆಯ್ಕೆ ನಿಮ್ಮ ಸೆಟ್ಟಿನಲ್ಲಿದ್ದರೆ ಆ ಸಂಖ್ಯೆಯನ್ನು ಅಲ್ಲೇ ಬರೆದಿಟ್ಟುಬಿಡಿ. ಮನೆಯಲ್ಲಿ ಹದಿಹರೆಯದವರು ಕಾರು ತೆಗೆದುಕೊಂಡು ಹೋಗುವುದಾದರೆ ಇದಕ್ಕಿಂತ ಒಳ್ಳೆಯ ಕಾವಲಿಲ್ಲ. ಮೀಟರ್ ಇಲ್ಲದವರು ಕಿವಿಯಿಂದಲೂ ಅಂದಾಜು ಮಾಡಬಹುದು: ಚೆನ್ನಾಗಿ ಪರಿಚಯವಿರುವ ಒಂದು ಹೆಣ್ಣುದನಿಯ ಹಾಡು ಹಾಕಿ, ‘ಸ’ಕಾರಗಳು ಚುಚ್ಚಲು ಶುರುವಾದ ಕಡೆಯಿಂದ ಮೂರು ನಾಲ್ಕು ಹೆಜ್ಜೆ ಕೆಳಗೆ ಬನ್ನಿ.

10. ಹಳೆ ಹಾಡಿನಿಂದ ಹೊಸ ಹಾಡಿಗೆ ಜಿಗಿಯುವಾಗ ಎಚ್ಚರ

ಡಾ. ರಾಜ್‌ಕುಮಾರ್ ಕಾಲದ ಹಳೆಯ ಧ್ವನಿಮುದ್ರಣಗಳು ಮೆಲ್ಲಗಿರುತ್ತವೆ. ಅವುಗಳಲ್ಲಿ ಆಳದ ಬೇಸ್ ಕಡಿಮೆ, ಏರಿಳಿತಕ್ಕೆ ಜಾಗ ಹೆಚ್ಚು. ಪಿ.ಬಿ. ಶ್ರೀನಿವಾಸ್ ದನಿ ಚೆನ್ನಾಗಿ ಕೇಳಲೆಂದು ವಾಲ್ಯೂಮ್ ಏರಿಸಿರುತ್ತೀರಿ. ಪಟ್ಟಿಯ ಮುಂದಿನ ಹಾಡು ಈ ವರ್ಷದ್ದಾದರೆ, ಕೊನೆಯ ಡೆಸಿಬೆಲ್‌ವರೆಗೂ ಹಿಂಡಿ ಮಾಸ್ಟರ್ ಮಾಡಿದ ಬೀಟ್ ಒಮ್ಮೆಲೇ ಅದೇ ವಾಲ್ಯೂಮ್‌ಗೆ ಅಪ್ಪಳಿಸುತ್ತದೆ. ಹಾಡಿನ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ನಾರ್ಮಲೈಸ್ ಎಂಬುದನ್ನು ಆನ್ ಮಾಡಿಟ್ಟರೆ ಈ ಜಿಗಿತ ತಪ್ಪುತ್ತದೆ.

ಯಕ್ಷಗಾನ ಕೇಳುವವರಿಗೆ ಒಂದು ಮಾತು. ಭಾಗವತರ ಪದಕ್ಕೆ ಹೊಂದಿಸಿದ ವಾಲ್ಯೂಮ್‌ನಲ್ಲಿ ಚೆಂಡೆಯ ಏಟು ಹಲವು ಪಟ್ಟು ಎತ್ತರಕ್ಕೆ ಹಾರುತ್ತದೆ. ನಿಮ್ಮ ಗಡಿಯಿಂದ ಇನ್ನಷ್ಟು ಕೆಳಗೆ ಇರಿ.

ಫೋನಿನಲ್ಲಿರುವ ಈಕ್ವಲೈಜರ್, ಡಾಲ್ಬಿ ಇತ್ಯಾದಿಗಳನ್ನು ಕಾರಿನಲ್ಲಿ ಆಫ್ ಮಾಡಿ. ಫೋನೇ ಮಿತಿ ಮೀರಿ ಏರಿಸಿಬಿಟ್ಟರೆ ಸ್ಟೀರಿಯೋಗೆ ಬರುವ ಮೊದಲೇ ಸಿಗ್ನಲ್ ಕತ್ತರಿಸಿಹೋಗಿರುತ್ತದೆ. ಆಗ 15ರ ವಾಲ್ಯೂಮ್‌ನಲ್ಲೂ ಕ್ಲಿಪ್ಪಿಂಗ್ ಇದ್ದೇ ಇರುತ್ತದೆ.

11. ಬೇಸ್ ಬೇಕೇ? ಬೇರೆಯವರಿಗೆ ಆ ಕೆಲಸ ಕೊಡಿ

ಕಂಪನಿ ಸ್ಪೀಕರ್‌ಗಳಿಗಾಗಿ ನಾಲ್ಕು ಚಾನೆಲ್‌ನ ದೊಡ್ಡ ಆಂಪ್ ಕೊಳ್ಳುವುದು ಹಣ ಹಾಳು. ಅದೇ ಹಣಕ್ಕೆ ಸೀಟಿನ ಕೆಳಗೆ ಕೂರುವ ಎಂಟು ಇಂಚಿನ ಸಬ್‌ವೂಫರ್ ಬರುತ್ತದೆ, ಆಂಪ್ ಅದರೊಳಗೇ ಇರುತ್ತದೆ. 80 ಅಥವಾ 100 ಹರ್ಟ್ಜ್‌ನ ಕೆಳಗಿನದೆಲ್ಲ ಸಬ್‌ಗೆ, ಮೇಲಿನದೆಲ್ಲ ಡೋರಿಗೆ. ಡೋರ್ ಸ್ಪೀಕರ್‌ಗಳ ಭಾರ ಇಳಿದು ಅವೇ ಹೊಸದಾದಂತೆ ಕೇಳಿಸುತ್ತವೆ. ಸಬ್‌ನ ಪವರ್ ವೈರನ್ನು ನೇರ ಬ್ಯಾಟರಿಯಿಂದ ಎಳೆಸಿ, ಬ್ಯಾಟರಿಯ ಹತ್ತಿರವೇ, ಒಂದೂವರೆ ಅಡಿಯೊಳಗೆ, ಫ್ಯೂಸ್ ಹಾಕಿಸಿ. ರಿಮೋಟ್ ವೈರ್ ಸ್ಟೀರಿಯೋದ ನೀಲಿ-ಬಿಳಿ ವೈರಿಗೇ ಸೇರಲಿ. ಕೀ ಲೈನ್‌ಗೆ ಕಟ್ಟಿದರೆ ಆನ್-ಆಫ್ ಮಾಡುವಾಗಲೆಲ್ಲ ‘ಢಂ’ ಎನ್ನುತ್ತದೆ.

ಆದರೂ ಡೋರಿಗೆ ಆಂಪ್ ಹಾಕಿಸಿಯೇ ತೀರುವವರು ಗೇನ್ ಎಂಬ ತಿರುಪನ್ನು ವಾಲ್ಯೂಮ್ ಎಂದುಕೊಳ್ಳದಿರಲಿ. ಒಂಬತ್ತನೇ ಸೂತ್ರದ ವೋಲ್ಟ್ ಲೆಕ್ಕ ಅಲ್ಲಿಗೂ ಅನ್ವಯ: ಸ್ಟೀರಿಯೋವನ್ನು ಅದರ ಗಡಿಯಲ್ಲಿಟ್ಟು, ಆಂಪ್‌ನ ಹೊರದಾರಿಯಲ್ಲಿ ಅಷ್ಟು ವೋಲ್ಟ್ ಬರುವವರೆಗೆ ಮಾತ್ರ ಗೇನ್ ತಿರುಗಿಸಿ.

12. ಡೋರಿನೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹಾಗೆಯೇ ವಾಪಸ್ ಅಂಟಿಸಿ

ಕರಾವಳಿ, ಮಲೆನಾಡಿನವರು ಇದನ್ನು ಎರಡು ಸಲ ಓದಲಿ. ಕಾರಿನ ಡೋರಿನೊಳಗೆ ನೀರು ಬರುವುದು ಲೀಕ್ ಅಲ್ಲ, ಅದು ವಿನ್ಯಾಸವೇ. ಗಾಜಿನ ಮೇಲೆ ಸುರಿದ ಮಳೆ ರಬ್ಬರ್ ಪಟ್ಟಿ ದಾಟಿ ಡೋರಿನೊಳಗೆ ಇಳಿದು, ಕೆಳ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಆ ಒದ್ದೆ ಭಾಗಕ್ಕೂ ಒಳಗಿನ ಪ್ಯಾಡ್‌ಗೂ ನಡುವೆ ಕಪ್ಪು ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಗೋಡೆಯಾಗಿ ನಿಂತಿರುತ್ತದೆ. ಕೆಲವು ಕಾರುಗಳಲ್ಲಿ ಸ್ಪೀಕರ್‌ನ ಬೆನ್ನಿಗೆ ನೀರು ಬೀಳದಂತೆ ಸಣ್ಣ ಛಾವಣಿಯೂ ಇರುತ್ತದೆ.

ವೈರ್ ನೋಡಲು, ಟ್ವೀಟರ್ ಎಳೆಯಲು ಡೋರ್ ಬಿಚ್ಚಿದಾಗ ಅವಸರದ ಕೈಗಳು ಈ ಹಾಳೆಯನ್ನು ಹರಿಯುತ್ತವೆ. ಛಾವಣಿ ಅಡ್ಡ ಬಂತೆಂದು ತೆಗೆದಿಡುತ್ತವೆ. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಜೂನ್ ಬಂದಾಗ ಪೇಪರ್ ಕೋನ್ ನೀರು ಕುಡಿದು ಮೆತ್ತಗಾಗುತ್ತದೆ, ಒಣಗಿದಾಗ ವಕ್ರವಾಗುತ್ತದೆ, ಕಾಯಿಲ್ ಒಂದು ಬದಿಗೆ ಉಜ್ಜತೊಡಗುತ್ತದೆ. ಮ್ಯಾಗ್ನೆಟ್‌ನ ಕಬ್ಬಿಣದ ತಟ್ಟೆ ತುಕ್ಕು ಹಿಡಿದು ಪುಡಿ ಕಾಯಿಲ್‌ನ ಸಂದಿಗೆ ಸೇರುತ್ತದೆ. ಆಗ ಎಲ್ಲರೂ ಬೈಯುವುದು ಸ್ಟೀರಿಯೋದ ಪವರನ್ನೇ. ಹರಿದ ಹಾಳೆಗೆ ಬ್ಯುಟೈಲ್ ಟೇಪ್ ಹಾಕಿಸಿ. ಸದ್ದು ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸುವುದಾದರೆ ಕೆಳಗಿನ ತೂತುಗಳು ತೆರೆದಿವೆಯೇ ಎಂದು ನೀವೇ ಬಗ್ಗಿ ನೋಡಿ.

13. ರಿವೆಟ್ ಹೊಡೆದ ಸ್ಪೀಕರ್ ಅಲ್ಲೇ ಇರಲಿ

ಬಿಚ್ಚುವ ಅಗತ್ಯವಿಲ್ಲದಿದ್ದರೆ ಮುಟ್ಟಬೇಡಿ. ರಿವೆಟ್ ತೆಗೆಯಲು ಡ್ರಿಲ್ ಹಾಕಿದಾಗ ಹಾರುವ ಲೋಹದ ಪುಡಿಯನ್ನು ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಡ್ರಿಲ್ ಮಾಡಲೇಬೇಕಾದರೆ ಕೋನ್ ಮೇಲೆ ಬಟ್ಟೆ ಮುಚ್ಚಿಸಿ.

14. ಸದ್ದಿನ ಭಾಷೆ ಕೇಳಿಸಿಕೊಳ್ಳಿ

ಗರಗರ ಎಂದ ತಕ್ಷಣ ಸ್ಪೀಕರ್ ಹೋಯಿತೆಂದುಕೊಳ್ಳಬೇಡಿ. ಹಾಡು ಹಾಕಿ ಡೋರ್ ಪ್ಯಾಡನ್ನು ಅಂಗೈಯಿಂದ ಅಲ್ಲಲ್ಲಿ ಒತ್ತಿ. ಒತ್ತಿದಾಗ ನಿಂತರೆ ತಪ್ಪು ಸ್ಪೀಕರಿನದಲ್ಲ, ಪ್ಯಾಡ್ ಹಿಡಿದಿರುವ ಸಡಿಲ ಕ್ಲಿಪ್ಪಿನದು. ಹೊಸ ಸ್ಟೀರಿಯೋ ಹಾಕುವಾಗ ಮುರಿದ ಕ್ಲಿಪ್‌ಗಳೇ ಅನೇಕ ಸಲ ಇದಕ್ಕೆ ಕಾರಣ. ನಿಲ್ಲದಿದ್ದರೆ ಸ್ಟೀರಿಯೋ ಆಫ್ ಮಾಡಿ, ಗ್ರಿಲ್ ತೆಗೆದು, ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮವಾಗಿಟ್ಟು ಬಹಳ ಮೆಲ್ಲಗೆ ಒಳಕ್ಕೆ ತಳ್ಳಿ. ನುಣ್ಣಗೆ ಹೋಗಿ ಬಂದರೆ ಕಾಯಿಲ್ ಸರಿ ಇದೆ. ಕಾಗದ ಉಜ್ಜಿದಂಥ ‘ಸರಕ್’ ಬಂದರೆ ಕಾಯಿಲ್ ಓರೆಯಾಗಿದೆ ಅಥವಾ ಸುಟ್ಟಿದೆ. ಮೀಟರ್‌ನಲ್ಲಿ ಓಮ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಬಿಸಿ ವಾರ್ನಿಷಿನ ಘಾಟು ಮೂಗಿಗೆ ಬಂದರೆ ಹಾಡು ಮುಗಿಯುವವರೆಗೂ ಕಾಯಬೇಡಿ, ಆ ಕ್ಷಣವೇ ಆಫ್ ಮಾಡಿ. ಆಗಲೂ ಉಳಿಸಿಕೊಳ್ಳುವ ಅವಕಾಶ ಇರುತ್ತದೆ.

ಒಂದೇ ಸ್ಪೀಕರ್ ಹೋಗಿದ್ದರೆ ಒಂದನ್ನೇ, ಹೆಚ್ಚೆಂದರೆ ಆ ಜೋಡಿಯನ್ನು ಬದಲಿಸಿ. ನಾಲ್ಕನ್ನೂ ಬದಲಿಸಬೇಕಾದ ಕಾರಣ ಯಾವುದೂ ಇಲ್ಲ.

15. ಅಂಗಡಿ ಬಿಡುವ ಮೊದಲು ಹತ್ತು ನಿಮಿಷ ಕೇಳಿ

ಬೆಂಗಳೂರಿನ ಜೆ.ಸಿ. ರೋಡ್ ಇರಲಿ, ನಿಮ್ಮೂರಿನ ಅಂಗಡಿ ಇರಲಿ, ಬಿಲ್ ಕೊಡುವ ಮೊದಲು ಬ್ಯಾಲೆನ್ಸ್ ಮತ್ತು ಫೇಡರ್ ಬಳಸಿ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಕೇಳಿ. ಎಡಕ್ಕೆ ತಿರುಗಿಸಿದಾಗ ಎಡವೇ ಹಾಡುತ್ತಿದೆಯೇ, ಮುಂದಿನದು ಮುಂದೆಯೇ ಇದೆಯೇ, ಟ್ವೀಟರ್ ಎರಡೂ ಬದಿ ಜೀವಂತವಾಗಿವೆಯೇ ನೋಡಿ. ಹೈಪಾಸ್ ಹಾಕಿದ್ದಾರೋ ಇಲ್ಲವೋ ಮೆನು ತೆರೆಸಿ ಕಣ್ಣಾರೆ ಕಾಣಿ. ಡೆಮೋ ಎಂದು ಪೂರ್ತಿ ವಾಲ್ಯೂಮ್‌ಗೆ ತಿರುಗಿಸುವ ಕೈಯನ್ನು ಅಲ್ಲೇ ತಡೆಯಿರಿ. ಅಂಥ ಎರಡು ನಿಮಿಷದ ಡೆಮೋದಲ್ಲೇ ಸ್ಪೀಕರ್‌ಗಳು ಹೋಗುತ್ತವೆ.

ಇನ್ನು ಹಳೆಯ ಸ್ಟೀರಿಯೋ. ‘ಇದನ್ನಿಟ್ಟುಕೊಂಡು ಏನು ಮಾಡ್ತೀರಿ, ನಮಗೇ ಕೊಟ್ಟುಬಿಡಿ, ಐನೂರು ಕಡಿಮೆ ಮಾಡ್ತೀವಿ’ ಎಂದರೂ ಕೊಡಬೇಡಿ. ಬಟ್ಟೆ ಸುತ್ತಿ ಮನೆಯ ಅಟ್ಟದಲ್ಲಿಡಿ. ಮುಂದೊಂದು ದಿನ ದನಿ ಒಡೆದು ಕೇಳಿಸಿ, ಕೆಟ್ಟಿರುವುದು ಸ್ಪೀಕರೋ ಹೊಸ ಸೆಟ್ಟೋ ಎಂಬ ಅನುಮಾನ ಬಂದಾಗ ಅದನ್ನು ತೀರಿಸುವುದು ಅದೇ. ವೈರ್ ಕತ್ತರಿಸದೆ ಕಪ್ಲರ್ ಹಾಕಿಸಿದ್ದೀರಲ್ಲ, ಹಳೆಯದನ್ನು ಸಿಕ್ಕಿಸಲು ಹತ್ತು ನಿಮಿಷ ಸಾಕು. ಅದರಲ್ಲೂ ದನಿ ಒಡೆದರೆ ಸ್ಪೀಕರ್ ನೋಡಿಸಿ. ತಿಳಿಯಾಗಿ ಹಾಡಿದರೆ ಹೊಸ ಸೆಟ್ಟನ್ನು ವಾರಂಟಿಗೆ ಕೊಡಿ.